ಕಿರುಚಕ್ಕನಿಗೆ ಒಂದು ಪಕ್ಕದ ಮನೆ ಬೇಕು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೀದಿಯಲ್ಲಿ ಹಾಲಿನ ಗಾಡಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಡಬ್ಬಿಂಗ್ ಥಿಯೇಟರಿನ ದಪ್ಪ ಬಾಗಿಲಿನ ಒಳಗೆ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಚಪ್ಪಲಿ ಬಿಡುತ್ತಾರೆ, ಬಳೆ ಕಳಚಿ ಕರವಸ್ತ್ರದಲ್ಲಿ ಸುತ್ತಿಡುತ್ತಾರೆ, ಫ್ಲಾಸ್ಕಿನಿಂದ ಎರಡು ಗುಟುಕು ಬಿಸಿನೀರು ಕುಡಿದು ಮೈಕಿನಿಂದ ತುಸು ಹಿಂದಕ್ಕೆ ನಿಲ್ಲುತ್ತಾರೆ. ಎದುರಿನ ಪರದೆಯಲ್ಲಿ ಎಳೆ ವಯಸ್ಸಿನ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಎಡವಿ ಹಿಂತಿರುಗಿ ನೋಡುತ್ತಾಳೆ. ಅವಳ ಬಾಯಿ ದೊಡ್ಡದಾಗಿ ತೆರೆಯುತ್ತದೆ, ಸದ್ದು ಮಾತ್ರ ಇಲ್ಲ. ಕೆಂಪು ದೀಪ ಹತ್ತುತ್ತದೆ. ಈ ಕಡೆಯಿಂದ ಹೊರಡುವ ಕೂಗು ಹೇಗಿರುತ್ತದೆಂದರೆ, ಪತ್ರಿಕೆಗೆ ಬರೆಯಲೆಂದು ಬಂದು ಗಾಜಿನ ಆಚೆ ಕೂತ ನನ್ನ ಕೈಯ ಚಹಾ ಅರ್ಧ ನನ್ನ ಮಡಿಲಿಗೇ ಚೆಲ್ಲುತ್ತದೆ.

"ಮೊದಲನೇ ಸಲ ಎಲ್ರದ್ದೂ ಚೆಲ್ಲುತ್ತೆ," ಎನ್ನುತ್ತಾ ಸೌಂಡ್ ಇಂಜಿನಿಯರ್ ತಲೆ ಎತ್ತದೆ ಒಂದು ಬಟ್ಟೆಯ ತುಂಡು ನನ್ನತ್ತ ದೂಡುತ್ತಾರೆ. ಅದಕ್ಕೆಂದೇ ಇಟ್ಟ ಬಟ್ಟೆಯಂತೆ. ಆಮೇಲೆ ಮೈಕಿನಲ್ಲಿ ಒಳಗಿನವರಿಗೆ ಹೇಳುತ್ತಾರೆ: "ಅಕ್ಕ, ಸ್ವಲ್ಪ ದಪ್ಪ ಆಯ್ತು. ಹುಡುಗಿ ಚಿಕ್ಕೋಳು."

"ಚಿಕ್ಕೋಳು ಸಾಯೋವಾಗ್ಲೂ ಸಣ್ಣಗೇ ಸಾಯ್ಬೇಕು, ಅಲ್ವಾ? ಆಯ್ತು, ಇನ್ನೊಂದ್ಸಲ ಹಾಕಿ."

ಇವರೇ ಕಿರುಚಕ್ಕ. ಈ ಕಟ್ಟಡದಲ್ಲಿ ಕಸ ಗುಡಿಸುವವರಿಂದ ಹಿಡಿದು ನಿರ್ಮಾಪಕರವರೆಗೆ ಎಲ್ಲರೂ ಇವರನ್ನು ಕರೆಯುವುದು ಹಾಗೆಯೇ. ನೀವು ಹೆದರಿಕೆಯ ಸಿನಿಮಾ ನೋಡಿ, ಪಕ್ಕದವರ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ, ಹಿಡಿಯುವಂತೆ ಮಾಡಿದ್ದು ಬಹುಶಃ ಇವರ ಗಂಟಲು. ನಾಯಕಿಯ ಮುಖ ಒಬ್ಬಳದು, ಮಾತು ಇನ್ನೊಬ್ಬಳದು. ಮಾತಿನವಳು ಕಿರುಚಿ ಗಂಟಲು ಕೆಡಿಸಿಕೊಂಡರೆ ನಾಳೆಯ ಕೆಲಸಕ್ಕೆ ಕುತ್ತು, ಆದ್ದರಿಂದ ಕಿರುಚಾಟಕ್ಕೆ ಬೇರೆಯವಳು. ಅಂತೂ ಪರದೆಯ ಮೇಲೆ ಒಬ್ಬ ಹೆಂಗಸು ಸಾಯಬೇಕಾದರೆ ಮೂವರು ಹೆಂಗಸರು ದುಡಿಯಬೇಕು.

ಬೆಳಗಿನ ಜಾವವೇ ಏಕೆ ಎಂದರೆ ಅದಕ್ಕೂ ಒಂದು ಕತೆಯಿದೆ. ಗೋಡೆಗೆ ಏನೇ ತುಂಬಿಸಿದರೂ ಕಿರುಚಕ್ಕನ ಕೂಗು ಪಕ್ಕದ ಥಿಯೇಟರಿಗೆ ಸೋರುತ್ತದೆ. ಒಮ್ಮೆ ಅಲ್ಲಿ ಮಕ್ಕಳ ಕಾರ್ಟೂನಿನ ಕೆಲಸ ನಡೆದಿತ್ತು. ಮೊಲದ ಮರಿಯೊಂದು ಹೂವು ಮೂಸುವ ದೃಶ್ಯದ ಹಿಂದೆ ಹೆಂಗಸೊಬ್ಬಳ ಆರ್ತನಾದ ಸೇರಿಹೋಗಿ ದೊಡ್ಡ ರಾದ್ಧಾಂತವಾಯಿತು. ಅಂದಿನಿಂದ ಇಲ್ಲಿ ಕಿರುಚಾಟವೆಲ್ಲ ಬೇರೆಯವರು ಬರುವ ಮುಂಚೆಯೇ ಮುಗಿಯಬೇಕು. ಹೆಂಗಸಿನ ಕೂಗಿನಿಂದ ಯಾರಿಗೂ ತೊಂದರೆಯಾಗಬಾರದು ಎಂಬ ನಿಯಮ ಲೋಕದಲ್ಲಿ ಹೊಸದೇನಲ್ಲ ಬಿಡಿ.

ಎಷ್ಟು ಸಿನಿಮಾ ಆಯಿತು ಎಂದು ಕೇಳಿದೆ. "ಲೆಕ್ಕ ಇಟ್ಟಿಲ್ಲ. ಸತ್ತೋರು ಎಲ್ಲಾದ್ರೂ ಲೆಕ್ಕ ಇಡ್ತಾರಾ?" ಎಂದು ನಕ್ಕರು. ನಕ್ಕಾಗ ದನಿ ಜಲ್ಲಿಕಲ್ಲು ಉರುಳಿದಂತೆ ಗರಗರ ಎನ್ನುತ್ತದೆ. ಗಂಟಲಿನಲ್ಲಿ ಗಂಟಾಗಿದೆ, ಕಿರುಚುವುದು ಬಿಡಿ ಎಂದು ಡಾಕ್ಟರು ಹೇಳಿ ಬಹಳ ಕಾಲವಾಯಿತು. ಫೋನಿನಲ್ಲಿ ಗೊತ್ತಿಲ್ಲದವರು ಇವರನ್ನು "ಸರ್" ಎನ್ನುತ್ತಾರೆ. "ಸರ್ ಅಂದ್ರೆ ಕೆಲಸ ಬೇಗ ಆಗುತ್ತೆ. ನಾನೂ ತಿದ್ದೋಕೆ ಹೋಗಲ್ಲ."

ಎರಡು ಟೇಕುಗಳ ನಡುವೆ, ಹುಳಿಬಂದ ಹಿಟ್ಟಿನ ಹದ ಹೇಳುವವರಂತೆ, ಇವರು ನನಗೆ ಕೂಗಿನ ಬಗೆಗಳನ್ನು ತಿಳಿಸುತ್ತಾರೆ. "ಕತ್ತಲಾದ ಮೇಲೆ ಒಬ್ಳೇ ಮನೆಗೆ ಬರೋ ಹುಡುಗಿ ಮೊದಲು ಸಾಯ್ತಾಳೆ. ಅವಳಿಗೆ ಗಿಡ್ಡ ಕೂಗು ಸಾಕು. ಜೋರಾಗಿ ನಗೋಳು ಎರಡನೆಯವಳು. ಕೊನೇವರೆಗೂ ಉಳಿಯೋಳು ತಲೆ ತಗ್ಗಿಸಿ ನಡೆಯೋ ಒಳ್ಳೇ ಹುಡುಗಿ. ಅವಳಿಗೆ ಉದ್ದ ಕೂಗು. ಅದನ್ನ ಚೆಂದವಾಗಿ ಕಿರುಚಿ ಅಂತಾರೆ. ನಾನು ಕೇಳ್ತೀನಿ, ಪ್ರಾಣ ಹೋಗ್ತಿರೋವಾಗ ಚೆಂದ ಎಲ್ಲಿಂದ ತರಲಿ ಅಂತ. ಕೇಳೋರಿಗೆ ಹಿತವಾಗಿರ್ಬೇಕು ಅಕ್ಕ ಅಂತಾರೆ."

ಗಂಡಸರು ಸಾಯುವುದಿಲ್ಲವೇ ಎಂದೆ. "ಸಾಯ್ತಾರೆ. ಆದ್ರೆ ಅವ್ರಿಗೆ ಒಂದು ಮಾತಾದ್ರೂ ಕೊಟ್ಟಿರ್ತಾರೆ. 'ಯಾರು ನೀನು?' ಅಂತಾನೋ 'ನಿನ್ನ ಬಿಡಲ್ಲ' ಅಂತಾನೋ ಅಂದೇ ಸಾಯ್ತಾರೆ. ಹೆಂಗಸಿಗೆ ಬರೀ 'ಆ'. ಇಷ್ಟು ವರ್ಷದಲ್ಲಿ ಒಂದಕ್ಷರ ದಾಟಿಲ್ಲ ನಾನು. ಸತ್ತು ದೆವ್ವ ಆದ್ಮೇಲೆ ಬೇರೆಯವಳು ಬರ್ತಾಳೆ, ಗಡಸು ದನಿಯೋಳು. ಡೈಲಾಗೆಲ್ಲ ಅವಳಿಗೆ. ಬದುಕಿರೋವಾಗ ಬಾಯಿಲ್ಲ, ಸತ್ತ ಮೇಲೆ ಬಾಯಿ ಮುಚ್ಚಲ್ಲ."

ಇವತ್ತು ಉಳಿದಿರುವುದು ಒಂದೇ ದೃಶ್ಯ. ಪರದೆಯ ಮೇಲೆ ಅಡುಗೆಮನೆ. ಮೈಮೇಲೆ ದೆವ್ವ ಬಂದ ಗಂಡ ಬಾಗಿಲಲ್ಲಿ ನಿಂತಿದ್ದಾನೆ. ಹೆಂಡತಿ ಗೋಡೆಗೆ ಮುಖ ಮಾಡಿದ್ದಾಳೆ, ಬಿಚ್ಚಿದ ಕೂದಲು ಕೆನ್ನೆ ಬಾಯಿ ಎಲ್ಲವನ್ನೂ ಮುಚ್ಚಿದೆ. ಅವಳು ಏನೆನ್ನುತ್ತಿದ್ದಾಳೆ ಎಂಬುದು ಕಾಣಿಸುವುದಿಲ್ಲ. ಇಲ್ಲಿ ಯಾವ ಸದ್ದು ಕೂರಿಸಿದರೂ ಒಪ್ಪುತ್ತದೆ. ಕಿರುಚಕ್ಕ ಹೆಡ್‌ಫೋನ್ ತೆಗೆದು ಗಾಜಿನ ಬಳಿ ಬರುತ್ತಾರೆ.

"ಇಲ್ಲಿ ಕಿರುಚೋದು ಬೇಡ. ಅವಳು ಪಕ್ಕದ ಮನೆಯೋರ್ನ ಕರೀಲಿ. 'ಅಕ್ಕಾ, ಸ್ವಲ್ಪ ಬನ್ನಿ' ಅಂತ. ಅಷ್ಟೇ."

ಇಂಜಿನಿಯರ್ ತಲೆ ಕೆರೆದುಕೊಳ್ಳುತ್ತಾರೆ. "ನಂಗೇನೂ ಇಲ್ಲ ಅಕ್ಕ. ನಿರ್ದೇಶಕ್ರು ಬರ್ಲಿ, ಅವ್ರನ್ನ ಕೇಳೋಣ."

ಇಷ್ಟು ವರ್ಷ ಹೇಳಿದ್ದನ್ನು ಹೇಳಿದಂತೆ ಕಿರುಚಿದ ಹೆಂಗಸು ಇವತ್ತು ಮೊದಲ ಸಲ ಏನೋ ಕೇಳಿದ್ದಾರೆ, ಅದೂ ಮೂರೇ ಮಾತು. ಏಕೆಂದು ಹೇಳಲು ನನ್ನನ್ನು ಎದುರಿನ ಚಹಾ ಅಂಗಡಿಗೆ ಕರೆದೊಯ್ಯುತ್ತಾರೆ. ಹೇಳುವಾಗ ಒಮ್ಮೆಯೂ ದನಿ ಏರಿಸುವುದಿಲ್ಲ.

ಮದುವೆಯಾದ ಹೊಸತರಲ್ಲಿ ಇವರು ಸಿನಿಮಾದ ಗುಂಪಿನ ದೃಶ್ಯಗಳಲ್ಲಿ ನಿಲ್ಲುತ್ತಿದ್ದರು. ಒಂದು ದಿನ ಪಕ್ಕದಲ್ಲೇ ದೊಡ್ಡ ದೀಪವೊಂದು ಕಳಚಿ ಬಿತ್ತು. ಆಗ ಹೊರಟ ಕೂಗು ಕೇಳಿ ಧ್ವನಿಗ್ರಹಣದವರು ಓಡಿ ಬಂದರು, ಇವರಿಗೆ ಪೆಟ್ಟಾಯಿತೇ ಎಂದು ನೋಡಲಲ್ಲ, ಇನ್ನೊಮ್ಮೆ ಕೂಗಿಸಲು. ಕೆಲಸ ಸಿಕ್ಕಿತು. ಗಂಡ ಮನೆಮನೆಗೆ ಕುಡಿಯುವ ನೀರಿನ ಕ್ಯಾನು ಹಾಕುತ್ತಿದ್ದವನು, ಮೆಲುಮಾತಿನವನು, ಬೀದಿಗೆಲ್ಲ ಬೇಕಾದವನು. ಹೆಂಡತಿಗೆ ಕೆಲಸ ಸಿಕ್ಕ ವಾರದಲ್ಲೇ ಅವನು ಕ್ಯಾನು ಇಳಿಸುತ್ತಾ ಪ್ರತಿ ಬಾಗಿಲಲ್ಲೂ ನಿಂತು ನಗುನಗುತ್ತಾ ಹೇಳಿದ: "ನಮ್ಮವಳಿಗೆ ಸಿನಿಮಾದಲ್ಲಿ ಕಿರುಚೋ ಕೆಲಸ ಸಿಕ್ಕಿದೆ. ಮನೇಲಿ ಪ್ರಾಕ್ಟೀಸ್ ಮಾಡ್ತಾಳೆ. ಸದ್ದು ಬಂದ್ರೆ ತಪ್ಪು ತಿಳ್ಕೋಬೇಡಿ."

ಮೊದಲ ಕೆಲವು ದಿನ ಅದು ನಿಜವೇ ಆಗಿತ್ತು. ಇವರು ದಿಂಬಿಗೆ ಬಾಯಿಟ್ಟು ಅಭ್ಯಾಸ ಮಾಡುತ್ತಿದ್ದರು, ಅಕ್ಕಪಕ್ಕದವರು ಕೇಳಿ ನಗುತ್ತಿದ್ದರು. ಸಾಲುಮನೆ, ಎರಡು ಕಡೆಗೂ ಒಂದೊಂದೇ ಇಟ್ಟಿಗೆಯ ಗೋಡೆ. ಆಮೇಲೆ ಅವನು ಹೊಡೆಯಲು ಶುರುಮಾಡಿದ. ಸಂಜೆಯ ಹೊತ್ತು, ಎಲ್ಲರೂ ಮನೆಯಲ್ಲಿರುವ ಹೊತ್ತು. ಅವನಿಗೆ ಹೆದರಿಕೆಯೇ ಇರಲಿಲ್ಲ. ಬೇಲಿ ಮೊದಲೇ ಕಟ್ಟಿಟ್ಟಿದ್ದ.

"ಬೆಳಗ್ಗೆ ನಲ್ಲಿ ಹತ್ರ ಹೋದ್ರೆ ಎಲ್ರೂ ಹೊಗಳೋರು. 'ನಿನ್ನೇದು ಮಾತ್ರ ಮೈ ಜುಮ್ಮಂತು ಕಣಮ್ಮ' ಅನ್ನೋರು. ನಾನು ಕೊಡ ಹಿಡ್ಕೊಂಡು ನಿಂತಿರ್ತಿದ್ದೆ. ಒಂದ್ಸಲ ಒಬ್ರಿಗೆ ಬಾಯಿಬಿಟ್ಟು ಹೇಳೂ ಹೇಳ್ದೆ, ಹೊಡೀತಾನೆ ಅಂತ. ಅವ್ರು ನಕ್ರು. 'ಎಷ್ಟು ನಿಜದ ಥರಾನೇ ಹೇಳ್ತೀಯಮ್ಮ, ನೀನು ಪರದೆ ಮೇಲೇ ಬರ್ಬೇಕು' ಅಂದ್ರು."

ಇದನ್ನು ಹೇಳುವಾಗ ಕಿರುಚಕ್ಕ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು.

ಮಗಳಿಗೆ ಐದು ವರ್ಷವಾಗಿದ್ದಾಗ ಯಾವುದೋ ಬಂಗಲೆಯ ಸಿನಿಮಾಕ್ಕೆ ಇವರು ಸತತ ಮೂರು ದಿನ ಕಿರುಚಬೇಕಾಗಿ ಬಂತು. ಮೂರನೆಯ ದಿನ ಸಂಜೆ ಮನೆಗೆ ಬರುವಾಗ ದನಿ ಉಡುಗಿಹೋಗಿತ್ತು. ಅವತ್ತು ಅವನು ಇವರ ಜಡೆಯನ್ನು ಕೈಗೆ ಸುತ್ತಿಕೊಂಡು ಒಲೆಯ ಹತ್ತಿರ ಎಳೆದ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಮಗು ಮಂಚದ ಕೆಳಗೆ ನುಸುಳಿತ್ತು.

"ಕಿರುಚೋಣ ಅಂದ್ರೆ ಗಂಟಲಲ್ಲಿ ಬರೀ ಗಾಳಿ. ಆಗ ಇದ್ದಷ್ಟು ದನೀಲೇ ಗೋಡೆಗೆ ಮುಖ ಮಾಡಿ, 'ಟೇಲರಕ್ಕಾ, ಸ್ವಲ್ಪ ಬನ್ನಿ' ಅಂದೆ. ಉಪ್ಪು ಕೇಳೋ ಹಾಗೆ. ಅವನಿಗೂ ಅದು ಅಷ್ಟು ವಿಚಿತ್ರ ಅನ್ನಿಸಿರ್ಬೇಕು, ಒಂದು ಕ್ಷಣ ಸುಮ್ಮನಾದ. ಅಷ್ಟರಲ್ಲಿ ಅವ್ರು ಬಂದೇ ಬಿಟ್ರು."

ಆ ಟೇಲರಕ್ಕ ಈಗಲೂ ಅದೇ ಸಾಲುಮನೆಯಲ್ಲಿದ್ದಾರೆ. ಕೊರಳಲ್ಲಿ ಅಳತೆಪಟ್ಟಿ, ಬಾಯಲ್ಲಿ ಎರಡು ಗುಂಡುಪಿನ್ನು, ಪಿನ್ನು ತೆಗೆಯದೆಯೇ ಮಾತಾಡುವಷ್ಟು ರೂಢಿ. ಆಮೇಲೊಂದು ದಿನ ನಾನು ಹೋಗಿ ಅವತ್ತಿನದನ್ನು ಕೇಳಿದಾಗ ಮಾತ್ರ ಪಿನ್ನು ತೆಗೆದಿಟ್ಟರು.

"ಮಷಿನ್ ನಿಲ್ಸಿ ದಾರ ಪೋಣಿಸ್ತಿದ್ದೆ. ಅದಕ್ಕೇ ಕೇಳಿಸ್ತು. ತುಳೀತಿದ್ದಿದ್ರೆ ಕೇಳಿಸ್ತಿರ್ಲಿಲ್ಲ. ಆ ದನೀಲಿ ಅವಳು ಯಾವತ್ತೂ ಪ್ರಾಕ್ಟೀಸ್ ಮಾಡಿರ್ಲಿಲ್ವಲ್ಲ, ಏನೋ ಬೇಕಿರ್ಬೇಕು ಅಂತ ಹೋದೆ. ಕೈಯಲ್ಲಿ ಕತ್ತರಿ ಹಾಗೇ ಇತ್ತು, ಇಡೋಕೆ ಮರೆತಿದ್ದೆ. ಅವನು ನನ್ನ ನೋಡ್ಲಿಲ್ಲ, ಕತ್ತರಿ ನೋಡ್ದ. 'ಬನ್ನಿ ಅಕ್ಕ, ಕೂತ್ಕೊಳ್ಳಿ' ಅಂದ ಕಣ್ರೀ! ಜಡೆ ಇನ್ನೂ ಅವನ ಕೈಯಲ್ಲೇ ಇದೆ, ನಂಗೆ ಕೂತ್ಕೊಳ್ಳಿ ಅಂತಾನೆ."

ಹೊಲಿಯುತ್ತಿದ್ದ ಬಟ್ಟೆ ಮಡಿಸಿಟ್ಟರು. ಆಮೇಲೆ, "ಅದಕ್ಕೂ ಮುಂಚೆ ಅವಳು ಕಿರುಚಿದಾಗೆಲ್ಲ ನಾನು ಟಿ.ವಿ. ಸದ್ದು ಏರಿಸ್ತಿದ್ದೆ," ಎಂದರು. "ಒಂದೊಂದ್ಸಲ ಇಳಿಸ್ತಿದ್ದೆ. ಅದು ಇನ್ನೂ ಕೆಟ್ಟದ್ದು. ಚೆನ್ನಾಗಿ ಕಿರುಚ್ತಾಳೆ ಅಂತ ಕೇಳೋಕೆ ಇಳಿಸ್ತಿದ್ದೆ."

ಅಂದೇ ತಾಯಿ ಮಗು ಟೇಲರಕ್ಕನ ಮನೆ ಸೇರಿದರು. ಆಮೇಲಿನದೆಲ್ಲ ಠಾಣೆ, ಕೋರ್ಟು, ಅಲೆದಾಟ. ಸಾಕ್ಷಿ ಹೇಳಿ ಎಂದರೆ ಬೀದಿಯವರು, ನಮಗೆ ಪ್ರಾಕ್ಟೀಸ್ ಅಂತಲೇ ಗೊತ್ತಿತ್ತು ಎಂದರು. ಅವರು ಸುಳ್ಳು ಹೇಳಲಿಲ್ಲ ಎಂಬುದೇ ಸಂಕಟ. ಟೇಲರಕ್ಕನ ಮಾತೊಂದರ ಮೇಲೆ ಕೊನೆಗೂ ಆ ಮದುವೆಯಿಂದ ಬಿಡುಗಡೆ ಸಿಕ್ಕಿತು. ಅವನು ಬೇರೆ ಕಡೆ ಹೋಗಿ ಅಲ್ಲಿಯೂ ನೀರು ಹಾಕುತ್ತಿದ್ದಾನಂತೆ, ಅಲ್ಲಿಯೂ ಎಲ್ಲರಿಗೂ ಬೇಕಾದವನಂತೆ.

ಅಂದಿನಿಂದ ಕಿರುಚಕ್ಕ ಮನೆಯಲ್ಲಿ ಕಿರುಚಿಲ್ಲ. ಕಾಲ ಮೇಲೆ ಜಿರಲೆ ಹತ್ತಿದರೂ ತುಟಿ ಬಿಗಿಹಿಡಿದು ಕೊಡವುತ್ತಾರೆ. ಕಿರುಚಾಟವೇನಿದ್ದರೂ ಥಿಯೇಟರಿನಲ್ಲಿ, ಕೆಂಪು ದೀಪ ಹತ್ತಿದ ಮೇಲೆ. ಮಗಳಿಗೂ ಚಿಕ್ಕಂದಿನಿಂದ ಒಂದೇ ಪಾಠ: ಹೆದರಿಕೆಯಾದರೆ ಕಿರುಚಬೇಡ, ಯಾರನ್ನಾದರೂ ಕರೆ. ಆ ಮಗಳು ಈಗ ನರ್ಸು, ಹೋದ ವರ್ಷ ಮದುವೆಯಾದಳು. ಅಳಿಯ ಒಳ್ಳೆಯವನೆಂದು ಕಿರುಚಕ್ಕನೇ ಹೇಳುತ್ತಾರೆ. ಆದರೂ ಹೊಸ ಮನೆಗೆ ಮೊದಲ ಸಲ ಹೋದಾಗ ಮಗಳ ಬಾಗಿಲಿಗೆ ಹೋಗುವ ಮುಂಚೆ ಎರಡು ಪಕ್ಕದ ಬಾಗಿಲನ್ನೂ ತಟ್ಟಿ ಬಂದರಂತೆ.

"ನನ್ನ ಮಗಳು ಕಿರುಚೋ ಕೆಲಸ ಮಾಡಲ್ಲ, ಸದ್ದು ಬಂದ್ರೆ ಬನ್ನಿ ಅಂತ ಹೇಳಿ ಬಂದೆ. ಮಗಳು ಮರ್ಯಾದೆ ಕಳೆದೆ ಅಂತ ಮೂರು ದಿನ ಮಾತು ಬಿಟ್ಲು. ಬಿಡ್ಲಿ. ಮಾತು ಬಿಟ್ರೆ ಮತ್ತೆ ಬರುತ್ತೆ."

ಟೇಲರಕ್ಕನದು ಇನ್ನೊಂದು ಥರದ ಹುಚ್ಚು. ಎಲ್ಲಿ ಹೆಂಗಸಿನ ಕೂಗು ಕೇಳಿದರೂ ಹೊಲಿಗೆ ಬಿಟ್ಟು ಹೋಗಿ ಬಾಗಿಲು ತಟ್ಟುತ್ತಾರೆ. ಒಮ್ಮೆ ಹಿಂದಿನ ಬೀದಿಯ ಮನೆಯೊಂದರಿಂದ ಕೂಗು ಕೇಳಿ ಏದುಸಿರು ಬಿಡುತ್ತಾ ಓಡಿದರು. ಬಾಗಿಲು ತೆಗೆದರೆ ಮನೆಮಂದಿಯೆಲ್ಲ ಕಾಲು ಚಾಚಿ ಕೂತು ಟಿ.ವಿ.ಯಲ್ಲಿ ದೆವ್ವದ ಸಿನಿಮಾ ನೋಡುತ್ತಿದ್ದಾರೆ. ಕಿರುಚುತ್ತಿದ್ದವಳು ನಮ್ಮ ಕಿರುಚಕ್ಕನೇ. ಏನು ಬೇಕಿತ್ತು ಎಂದು ಆ ಮನೆಯವರು ಕೇಳಿದ್ದಕ್ಕೆ ಟೇಲರಕ್ಕ ಏನೂ ತೋಚದೆ, "ಒಂದು ಸೂಜಿ ಇದ್ರೆ ಕೊಡಿ" ಎಂದರು. ಬೀದಿಗೆಲ್ಲ ಬಟ್ಟೆ ಹೊಲಿಯುವವರು ಸೂಜಿ ಬೇಡಿದ ಈ ಪ್ರಸಂಗ ಇಂದಿಗೂ ನಲ್ಲಿಯ ಬಳಿ ನಗೆಯ ಸರಕು. ಆ ಸೂಜಿಯನ್ನು ಅವರು ಹಿಂದಿರುಗಿಸಿಲ್ಲ, ಕುಪ್ಪಸಕ್ಕೆ ಚುಚ್ಚಿಕೊಂಡೇ ಓಡಾಡುತ್ತಾರೆ.

ಆ ಬೆಳಗ್ಗೆ ನಾವು ಚಹಾ ಮುಗಿಸಿ ಥಿಯೇಟರಿನ ಒಳಗೆ ಬರುವಷ್ಟರಲ್ಲಿ ನಿರ್ದೇಶಕರು ಬಂದಿದ್ದಾರೆ. ಚಿಕ್ಕ ವಯಸ್ಸು, ಒಳ್ಳೆಯ ನಡತೆ. ಕಿರುಚಕ್ಕ ಕೂರುವವರೆಗೂ ತಾವು ಕೂರಲಿಲ್ಲ. ತಮ್ಮ ಸಿನಿಮಾ ಹೆಣ್ಣಿನ ಶಕ್ತಿಯ ಕುರಿತಾದದ್ದು ಎಂದು ನಾನು ಕೇಳದೆಯೇ ಹೇಳಿದರು. ಗೋಡೆಯ ಪೋಸ್ಟರಿನಲ್ಲಿಯೂ ಹಾಗೆಯೇ ಬರೆದಿದೆ, ಕೂದಲು ಕೆದರಿಕೊಂಡ ದೆವ್ವದ ಕಾಲ ಕೆಳಗೆ. ಕಿರುಚಕ್ಕನ ಮಾತನ್ನು ಪೂರ್ತಿ ಕೇಳಿಸಿಕೊಂಡು ಪ್ರಾಮಾಣಿಕವಾಗಿಯೇ ಯೋಚಿಸಿದರು.

"ಐಡಿಯಾ ಚೆನ್ನಾಗಿದೆ ಅಕ್ಕ. ಆದ್ರೆ ನೋಡಿ, ಕಿರುಚಿದ್ರೆ ಯಾರೂ ಬರ್ಬೇಕಾಗಿಲ್ಲ. ಯಾರನ್ನಾದ್ರೂ ಕರೆದ್ರೆ, ಅವ್ರು ಯಾಕೆ ಬರ್ಲಿಲ್ಲ ಅಂತ ಜನ ಕೇಳ್ತಾರೆ. ಆಗ ನಾನು ಪಕ್ಕದ ಮನೆ ತೋರಿಸ್ಬೇಕು. ಪಕ್ಕದ ಮನೆಯೋರು ಬಂದ್ರೆ ಇವಳು ಸಾಯಲ್ಲ. ಸಾಯದೇ ಹೋದ್ರೆ ಇವಳಿಗೆ ಶಕ್ತಿ ಎಲ್ಲಿಂದ ಬರುತ್ತೆ?"

"ಬದುಕಿದ್ರೆ ಬರಲ್ವಾ ಸರ್?"

ನಿರ್ದೇಶಕರು ನಕ್ಕರು. ಕೆಟ್ಟ ನಗುವಲ್ಲ. "ಅದು ಬೇರೆ ಸಿನಿಮಾ ಅಕ್ಕ."

ಕೊನೆಗೆ, ಇಷ್ಟು ವರ್ಷ ದುಡಿದವರು ಕೇಳುತ್ತಿದ್ದಾರೆ ಎಂದು, ಎರಡನ್ನೂ ರೆಕಾರ್ಡ್ ಮಾಡಿ, ಆಮೇಲೆ ನೋಡೋಣ ಎಂದರು. ಕಿರುಚಕ್ಕ ಮೊದಲು ಕಿರುಚಿದರು. ಉದ್ದನೆಯ, ಚೆಂದದ, ಕೇಳಲು ಹಿತವಾದ ಕೂಗು. ಆಮೇಲೆ ನೀರು ಕುಡಿದು ಮೈಕಿನ ಹತ್ತಿರಕ್ಕೆ ಬಂದರು. ಕೆಂಪು ದೀಪ ಹತ್ತಿತು. "ಅಕ್ಕಾ, ಸ್ವಲ್ಪ ಬನ್ನಿ," ಎಂದರು. ಒಡೆದ ದನಿ, ಏರಿಳಿತವಿಲ್ಲ. "ಅಷ್ಟೇನಾ ಅಕ್ಕ?" ಎಂದು ಇಂಜಿನಿಯರ್ ಕೇಳಿದರು. "ಅಷ್ಟೇ," ಎಂದು ಕಿರುಚಕ್ಕ ಬಳೆ ತೊಟ್ಟುಕೊಂಡರು.

ಹೊರಗೆ ಬಂದ ಮೇಲೆ ನಿಮ್ಮ ಆಸೆ ಏನು ಎಂದೆ. ಅವರು ತಿರುಗಿ ನನ್ನನ್ನೇ ಕೇಳಿದರು: "ನೀವು ಗಮನಿಸಿದ್ದೀರಾ? ಹೆದರಿಕೆ ಸಿನಿಮಾದಲ್ಲಿ ಪಕ್ಕದ ಮನೆ ಅನ್ನೋದೇ ಇರಲ್ಲ. ಬೆಟ್ಟದ ತುದೀಲೋ ಕಾಡಿನ ಮಧ್ಯಾನೋ ಒಂಟಿ ಮನೆ. ಅಲ್ಲಿ ಹೆಂಗಸು ಕೂಗಿದ್ರೆ ಯಾರಿಗೂ ಕೇಳಿಸಲ್ಲ ಅಂತ ಜನ ಹೆದರ್ತಾರೆ. ನಮ್ಮನೆಗೆ ಎರಡೂ ಕಡೆ ಮನೆ ಇತ್ತು. ಎಲ್ರಿಗೂ ಕೇಳಿಸ್ತಿತ್ತು."

ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ಕೈತೊಳೆದುಕೊಳ್ಳುವುದು ನಾವು ಬರೆಯುವವರ ಹಳೆಯ ಚಾಳಿ. ಎಲೆ ಏನೂ ತಾನಾಗಿಯೇ ಮುಚ್ಚಿಕೊಂಡಿರುವುದಿಲ್ಲ. ಕಾಯಿ ಅಲ್ಲಿರುವುದು ಗೊತ್ತಿದ್ದೂ ಎಲೆ ಸರಿಸದವರು ಸುತ್ತ ಬೇಕಾದಷ್ಟು ಮಂದಿ ಇರುತ್ತಾರೆ.

ಈ ಬರಹ ಅಚ್ಚಿಗೆ ಹೋಗುವ ಮುಂಚೆ ಸಿನಿಮಾ ತೆರೆಗೆ ಬಂತು. ತಾವು ಕಿರುಚಿದ ಸಿನಿಮಾಗಳನ್ನು ನೋಡುವ ಅಭ್ಯಾಸ ಕಿರುಚಕ್ಕನಿಗಿಲ್ಲ. ಈ ಸಲ ಮಾತ್ರ ಬೆಳಗಿನ ಆಟಕ್ಕೆ ಟೇಲರಕ್ಕನನ್ನೂ ಹೊರಡಿಸಿಕೊಂಡು ಬಂದರು, ನಾನೂ ಜೊತೆಗೆ ಕೂತೆ. ನಮ್ಮ ಮೂವರಿಗೂ ಬೇಕಿದ್ದುದು ಅಡುಗೆಮನೆಯ ದೃಶ್ಯವೊಂದೇ. ಅದು ಬಂತು. ಗಂಡ ಬಾಗಿಲಲ್ಲಿ ನಿಂತ. ಹೆಂಡತಿ ಗೋಡೆಗೆ ತಿರುಗಿದಳು, ಕೂದಲು ಮುಖ ಮುಚ್ಚಿತು. ಕಿರುಚಕ್ಕ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡರು.

ಕೂಗು ಬಂತು. ಉದ್ದನೆಯದು, ಚೆಂದದ್ದು. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹೊಡೆದರು.

ಟೇಲರಕ್ಕ ದಡಕ್ಕನೆ ಎದ್ದು ನಿಂತರು. "ಕೂತ್ಕೊಳಮ್ಮ, ಕಾಣಿಸಲ್ಲ," ಎಂದು ಹಿಂದಿನಿಂದ ಒಬ್ಬ, ಆಮೇಲೆ ಇನ್ನಿಬ್ಬರು ಗದರಿದರು. ಅವರು ಕೂರಲಿಲ್ಲ. ಕೂಗು ಪೂರ್ತಿ ನಿಲ್ಲುವವರೆಗೂ, ಪರದೆಯ ಹೆಂಗಸು ಸಾಯುವವರೆಗೂ, ಕೊರಳಿನ ಅಳತೆಪಟ್ಟಿ ಹಿಡಿದುಕೊಂಡು ಹಾಗೆಯೇ ನಿಂತಿದ್ದರು. ಕಿರುಚಕ್ಕನೂ ಅವರ ಸೆರಗು ಹಿಡಿದು ಎಳೆಯಲಿಲ್ಲ. ಆಮೇಲೆ ಪರದೆಯ ಹೆಂಗಸು ದೆವ್ವವಾಗಿ ಬಂದು ಪುಟಗಟ್ಟಲೆ ಮಾತಾಡಿ ಗಂಡನನ್ನು ಕೊಂದಳು. ಆಗ ಗದರಿದವರೇ ಚಪ್ಪಾಳೆ ತಟ್ಟಿದರು.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬೇಜಾರಾಯಿತೇ ಎಂದು ಕೇಳಿದೆ. "ಆಯ್ತು," ಎಂದರು ನೇರವಾಗಿ. "ಮುಂದಿನ ಸಿನಿಮಾಕ್ಕೂ ಕರೆದಿದ್ದಾರೆ. ಹೋಗ್ತೀನಿ, ಕಿರುಚ್ತೀನಿ. ಅದು ನನ್ನ ಕೆಲಸ, ನನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ." ಟೇಲರಕ್ಕ ಕುಪ್ಪಸದ ಸೂಜಿ ಸರಿಪಡಿಸಿಕೊಳ್ಳುತ್ತಾ ರಸ್ತೆ ದಾಟಲು ಕಾಯುತ್ತಿದ್ದರು. ಕಿರುಚಕ್ಕ ಅವರ ತೋಳು ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಆಸೆ ಏನು ಅಂತ ಕೇಳಿದ್ರಲ್ಲ ಅವತ್ತು. ಸಿನಿಮಾದೋರನ್ನ ಕೇಳಿ ಆಯ್ತು, ಇನ್ನು ನಿಮ್ಮ ಪೇಪರ್ ಓದೋರನ್ನ ಕೇಳ್ತೀನಿ, ಬರ್ಕೊಳ್ಳಿ. ಪಕ್ಕದ ಮನೇಲಿ ಕೂಗು ಕೇಳಿಸಿದ್ರೆ ಟಿ.ವಿ. ಸದ್ದು ಏರಿಸೋ ಮುಂಚೆ ಒಂದ್ಸಲ ಎದ್ದು ಹೋಗಿ ಬಾಗಿಲು ತಟ್ಟಿ. ಬರೀ ಸಿನಿಮಾ ಆಗಿದ್ರೆ, ಒಂದು ಸೂಜಿ ಕೇಳ್ಕೊಂಡು ವಾಪಸ್ ಬನ್ನಿ."